ಗ್ಯಾರೇಜಿನಿಂದ ಉಪ್ಪುಬಯಲಿಗೆ: ಹವ್ಯಾಸಿಗಳ ವೇಗದೋಟ ಬೆಳೆದ ಬಗೆ

ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪುಬಯಲಿನಲ್ಲಿ ಆಗಸ್ಟ್ ತಿಂಗಳು ‘ಸ್ಪೀಡ್ ವೀಕ್’ ನಡೆಯುತ್ತದೆ. ಅಲ್ಲಿ ಗೆದ್ದವರಿಗೆ ಬಹುಮಾನದ ಹಣವಿಲ್ಲ. ಅಕ್ಕಪಕ್ಕ ನಿಂತು ಓಡುವ ಪೈಪೋಟಿಯೂ ಇಲ್ಲ. ಒಂದು ಸಲಕ್ಕೆ ಒಂದೇ ಗಾಡಿ, ಎದುರಿಗೆ ಕೆಲವು ಮೈಲಿ ನೆಟ್ಟಗಿನ ಬಿಳಿ ನೆಲ, ಬದಿಯಲ್ಲಿ ವೇಗ ಅಳೆಯುವ ಯಂತ್ರ. ಓಟ ಮುಗಿದ ಮೇಲೆ ವೇಗ ನಮೂದಿಸಿದ ಒಂದು ಚೀಟಿ ಕೈಗೆ ಬರುತ್ತದೆ. ಆ ಚೀಟಿಗಾಗಿ ಜನ ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ಎಂಜಿನ್ ಕಟ್ಟುತ್ತಾರೆ, ರಜೆ ಹಾಕಿ ಸಾವಿರಾರು ಮೈಲಿ ಗಾಡಿ ಎಳೆದುಕೊಂಡು ಬರುತ್ತಾರೆ.

ನೆಲದ ಮೇಲಿನ ವೇಗ ಎಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಜೆಟ್ ಕಾರುಗಳು. 1997ರಲ್ಲಿ ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಬ್ರಿಟನ್ನಿನ ‘ಥ್ರಸ್ಟ್ ಎಸ್‌ಎಸ್‌ಸಿ’ ಗಂಟೆಗೆ 763 ಮೈಲಿ ಓಡಿ ಶಬ್ದದ ವೇಗವನ್ನೇ ಮೀರಿತು. ಅದು ದೊಡ್ಡ ತಂಡದ, ದೊಡ್ಡ ಹಣದ ಕೆಲಸ. ಹವ್ಯಾಸಿಗಳ ಲೋಕ ಬೇರೆ. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಎಂಜಿನ್ನುಗಳ ಚರಿತ್ರೆಯಾಗಿ ಹೇಳುತ್ತಾರೆ. ನನಗೆ ಕಾಣುವಂತೆ ಈ ಹವ್ಯಾಸವನ್ನು ಉಳಿಸಿದ್ದು ಎಂಜಿನ್ನಿಗಿಂತ ಹೆಚ್ಚಾಗಿ ಒಂದು ನಿಯಮಪುಸ್ತಕ ಮತ್ತು ಅದನ್ನು ಬಿಡದೆ ಜಾರಿ ಮಾಡಿದ ಸಂಬಳವಿಲ್ಲದ ಕಾರ್ಯಕರ್ತರು.

ಕಥೆ ಶುರುವಾಗುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲಿಸ್‌ನ ಹುಡುಗರಿಗೆ ಕೆಲವು ಗಂಟೆಗಳ ದಾರಿಯಲ್ಲೇ ಮೊಹಾವಿ ಮರುಭೂಮಿಯ ಬತ್ತಿದ ಸರೋವರಗಳಿದ್ದವು: ಮ್ಯುರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್. ಮಳೆಗಾಲದ ನೀರು ಇಂಗಿದ ಮೇಲೆ ಗಟ್ಟಿ ಮಣ್ಣಿನ ಸಪಾಟು ನೆಲ ಉಳಿಯುತ್ತಿತ್ತು. ಮೊದಮೊದಲು ಹಳೆಯ ನಾಲ್ಕು ಸಿಲಿಂಡರಿನ ಫೋರ್ಡುಗಳನ್ನೇ ತಿದ್ದಿ ತರುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು 500 ಡಾಲರಿನೊಳಗಿನ ಕಾರಿಗೆ ಹಾಕಿ ಮಾರಿತು. ಅಲ್ಲಿಯವರೆಗೆ ಎಂಟು ಸಿಲಿಂಡರ್ ಎಂದರೆ ಸಾಹುಕಾರರ ಸೊತ್ತು. ನಾಲ್ಕಾರು ವರ್ಷಗಳಲ್ಲಿ ಅದೇ ಎಂಜಿನ್ ಗುಜರಿ ಅಂಗಡಿಗೂ ಬಂತು. ಹುಡುಗರ ಕೈಗೆ ಸಿಕ್ಕಿದ್ದು ಅಲ್ಲಿ.

‘ಫ್ಲ್ಯಾಟ್‌ಹೆಡ್’ ಎಂದು ಹೆಸರಾದ ಈ ಎಂಜಿನ್ನಿಗೆ ದೋಷಗಳು ಕಡಿಮೆಯಿರಲಿಲ್ಲ. ವಾಲ್ವುಗಳು ಸಿಲಿಂಡರಿನ ಮೇಲೆ ಕೂರದೆ ಪಕ್ಕದಲ್ಲಿ, ಬ್ಲಾಕಿನೊಳಗೇ ಕೂತಿದ್ದವು. ಸುಟ್ಟ ಹೊಗೆ ಅದೇ ಬ್ಲಾಕಿನ ನಡುವೆ ಸುತ್ತಿ ಹೊರಬರಬೇಕು. ಒಂದೊಂದು ಬದಿಯಲ್ಲಿ ನಾಲ್ಕು ಸಿಲಿಂಡರಿಗೆ ಮೂರೇ ಹೊಗೆಬಾಯಿ. ನಡುವಿನ ಎರಡಕ್ಕೂ ಒಂದೇ ಬಾಯಿ. ಹೀಗಾಗಿ ಎಂಜಿನ್ ಬೇಗ ಕಾಯುತ್ತಿತ್ತು. ಆದರೆ ಅದನ್ನು ಸರಿಪಡಿಸುವ ಹಟದಲ್ಲೇ ಒಂದು ಉದ್ದಿಮೆ ಹುಟ್ಟಿತು. ವಿಕ್ ಎಡೆಲ್‌ಬ್ರಾಕ್ ಎರಡು ಕಾರ್ಬೊರೇಟರ್ ಕೂರಿಸುವ ಮ್ಯಾನಿಫೋಲ್ಡ್ ಮಾಡಿ ಮಾರಿದ. ಎಡ್ ಇಸ್ಕೆಂಡೇರಿಯನ್ ಕ್ಯಾಮ್‌ಶಾಫ್ಟ್ ಅರೆದು ಕೊಡತೊಡಗಿದ. ಸ್ಟೂ ಹಿಲ್‌ಬಾರ್ನ್ ಕಾರ್ಬೊರೇಟರನ್ನೇ ಬಿಟ್ಟು ಇಂಧನ ಚಿಮ್ಮಿಸುವ ಇಂಜೆಕ್ಷನ್ ಕಟ್ಟಿದ. 1948ರಲ್ಲಿ ಆತನ ಗಾಡಿ ಒಣ ಸರೋವರಗಳ ಮೇಲೆ ಗಂಟೆಗೆ 150 ಮೈಲಿ ಮೀರಿದ ಮೊದಲನೆಯದಾಯಿತು. ಇಂದು ಇವೆಲ್ಲ ದೊಡ್ಡ ಹೆಸರುಗಳು. ಆಗ ತಮ್ಮ ಗಾಡಿಗೆ ಬೇಕಾದ ಭಾಗವನ್ನು ತಾವೇ ಮಾಡಿಕೊಂಡು, ಮಿಕ್ಕಿದ್ದನ್ನು ಗೆಳೆಯರಿಗೆ ಮಾರಿದವರು.

ಎಂಜಿನ್ ಸಿಕ್ಕಿತು, ನೆಲ ಸಿಕ್ಕಿತು. ಸಿಗದೆ ಇದ್ದದ್ದು ಶಿಸ್ತು. ಮೊದಲಿಗೆ ಐದಾರು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಬಿಡುತ್ತಿದ್ದರು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದು. ಡಿಕ್ಕಿಗಳಾದವು, ಸಾವುಗಳೂ ಆದವು. 1937ರ ಕೊನೆಯಲ್ಲಿ ಹಲವು ಕ್ಲಬ್ಬುಗಳು ಸೇರಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಕಟ್ಟಿದವು. ಹೆಸರಿನಲ್ಲೇ ಇದೆ ನೋಡಿ, ಅದು ಓಟದ ಸಂಘವಲ್ಲ, ಸಮಯ ಅಳೆಯುವ ಸಂಘ. ಸಾಲಾಗಿ ಬಿಡುವ ಪದ್ಧತಿ ಹೋಗಿ ಒಂಟಿ ಓಟ ಬಂತು. ಕೈಗಡಿಯಾರಗಳ ಜಾಗಕ್ಕೆ ಸ್ಯಾನ್ ಡಿಯಾಗೋದ ಜೆ. ಆಟೋ ಕ್ರಾಕರ್ ತಯಾರಿಸಿದ ವಿದ್ಯುತ್ ಟೈಮರ್ ಬಂತು. ಯಾರು ಎಷ್ಟು ಓಡಿದರು ಎಂಬ ಜಗಳ ನಿಂತ ಮೇಲೆ ಯಾವ ಕ್ಯಾಮ್ ಒಳ್ಳೆಯದು, ಯಾವ ಹೆಡ್ ಒಳ್ಳೆಯದು ಎಂಬ ಮಾತಿಗೂ ಆಧಾರ ಸಿಕ್ಕಿತು. ಎಂಜಿನ್ ಕಟ್ಟುವ ವಿದ್ಯೆ ಬೆಳೆದದ್ದರಲ್ಲಿ ಆ ಗಡಿಯಾರದ ಪಾಲು ದೊಡ್ಡದು.

ಎರಡನೇ ಮಹಾಯುದ್ಧ ಬಂದು ಹುಡುಗರೆಲ್ಲ ಸೈನ್ಯಕ್ಕೆ ಹೋದರು. ಈ ಸಂಘದಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ವೇಡಾ ಆರ್ ಆ ಕಾಲದಲ್ಲಿ ಸುದ್ದಿಪತ್ರಿಕೆ ನಡೆಸಿ ಸೈನಿಕರಿಗೆ ಅಂಚೆಯಲ್ಲಿ ಕಳಿಸುತ್ತ ಕ್ಲಬ್ಬಿನವರನ್ನು ಒಟ್ಟಿಗೆ ಹಿಡಿದಿಟ್ಟಳು. ಈ ಕ್ಷೇತ್ರದ ಚರಿತ್ರೆ ಬರೆದವರು ಆಕೆಗೆ ಕೊಡುವ ಜಾಗ ಸಾಲದು. ಯುದ್ಧ ಮುಗಿಯುವಷ್ಟರಲ್ಲಿ ಮ್ಯುರಾಕ್ ಸೈನ್ಯದ ವಾಯುನೆಲೆಯಾಗಿತ್ತು. 1947ರಲ್ಲಿ ಚಕ್ ಯೇಗರ್ ಶಬ್ದದ ವೇಗ ಮೀರಿದ ಹಾರಾಟ ಅಲ್ಲಿಂದಲೇ ಹೊರಟಿತು. ಓಟಗಾರರು ಎಲ್ ಮಿರಾಜ್‌ಗೆ ಹೋದರು, ಇಂದಿಗೂ ಅಲ್ಲಿದ್ದಾರೆ. ಯುದ್ಧದಿಂದ ಒಂದು ಲಾಭವೂ ಆಯಿತು. ಯುದ್ಧವಿಮಾನದ ಹೊಟ್ಟೆಯಡಿ ತೂಗುಹಾಕುತ್ತಿದ್ದ, ಖಾಲಿಯಾದ ಮೇಲೆ ಬಿಸಾಡುವ ಪೆಟ್ರೋಲ್ ಟ್ಯಾಂಕುಗಳು ಅಗ್ಗಕ್ಕೆ ಸಿಗುತ್ತಿದ್ದವು. ಗಾಳಿಯನ್ನು ಸೀಳುವ ಆ ಆಕಾರವನ್ನು ಬಿಲ್ ಬರ್ಕ್ 1946ರಲ್ಲಿ ಕಾರಿನ ಮೈಯಾಗಿ ಬಳಸಿಕೊಂಡ. ‘ಲೇಕ್‌ಸ್ಟರ್’ ಎಂಬ ಹೊಸ ಜಾತಿಯ ಗಾಡಿ ಹುಟ್ಟಿತು.

ಸರೋವರಗಳ ಉದ್ದ ಸಾಲದಾಯಿತು. ಬಾನವಿಲ್‌ನಲ್ಲಿ ಆಗಲೇ ಮಾಲ್ಕಮ್ ಕ್ಯಾಂಪ್‌ಬೆಲ್ 1935ರಲ್ಲಿ 300 ಮೈಲಿ ದಾಟಿದ್ದ, ಜಾನ್ ಕಾಬ್ 1947ರಲ್ಲಿ 394 ಮೈಲಿ ಮುಟ್ಟಿದ್ದ. ಅದು ಶ್ರೀಮಂತರ ನೆಲ ಎಂಬ ಭಾವನೆಯಿತ್ತು. ಸಂಘದ ವಾಲಿ ಪಾರ್ಕ್ಸ್, ‘ಹಾಟ್ ರಾಡ್’ ಪತ್ರಿಕೆಯ ರಾಬರ್ಟ್ ಪೀಟರ್ಸನ್ ಮತ್ತು ಲೀ ರಯನ್ ಸಾಲ್ಟ್ ಲೇಕ್ ಸಿಟಿಗೆ ಹೋಗಿ ಅಲ್ಲಿನ ಪ್ರಮುಖರನ್ನು ಒಪ್ಪಿಸಿದರು. 1949ರ ಆಗಸ್ಟ್‌ನಲ್ಲಿ ಮೊದಲ ಸ್ಪೀಡ್ ವೀಕ್ ನಡೆಯಿತು. ಡೀನ್ ಬ್ಯಾಚಲರ್, ಅಲೆಕ್ಸ್ ಸೈಡಿಯಾಸ್ ಸೇರಿ ಕಟ್ಟಿದ ಗಾಡಿ 193 ಮೈಲಿ ಓಡಿತು, ಮರುವರ್ಷ 200 ಮೀರಿತು. ಪಾರ್ಕ್ಸ್ 1951ರಲ್ಲಿ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಕಟ್ಟಿದ ಮೇಲೆ ಪ್ರೇಕ್ಷಕರು, ಪ್ರಾಯೋಜಕರು, ಹಣ ಎಲ್ಲ ಕಾಲು ಮೈಲಿಯ ಆ ಓಟದ ಕಡೆಗೆ ಹರಿದವು. ಹಾಗಾದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಉಪ್ಪುಬಯಲು ಹವ್ಯಾಸಿಗಳದ್ದಾಗಿಯೇ ಉಳಿಯಿತು.

ಈಗ ಆ ನಿಯಮಪುಸ್ತಕಕ್ಕೆ ಬರೋಣ. ಗಾಡಿಗಳನ್ನು ಎಂಜಿನ್ನಿನ ಗಾತ್ರ, ಇಂಧನ, ಗಾಳಿ ತುರುಕುವ ಬ್ಲೋವರ್ ಇದೆಯೇ ಇಲ್ಲವೇ, ಮೈಯ ಆಕಾರ ಹೇಗಿದೆ ಎಂಬುದರ ಮೇಲೆ ನೂರಾರು ವರ್ಗಗಳಾಗಿ ಒಡೆದಿದ್ದಾರೆ. ‘ಎಎ/ಬಿಎಫ್‌ಎಸ್’ ಎಂದರೆ ಅತಿ ದೊಡ್ಡ ಎಂಜಿನ್, ಬ್ಲೋವರ್ ಅಥವಾ ಟರ್ಬೊ, ಪೆಟ್ರೋಲಲ್ಲದ ಇಂಧನ, ಪೂರ್ತಿ ಮುಚ್ಚಿದ ಮೈ. ಇನ್ನೊಂದು ತುದಿಯಲ್ಲಿ ಪುಟ್ಟ ಎಂಜಿನ್ನಿನ ಬೈಕುಗಳಿವೆ. ಹಳೆಯ ಫ್ಲ್ಯಾಟ್‌ಹೆಡ್ಡಿಗೂ ಅದರದೇ ವರ್ಗ ಉಂಟು. ಹಾಗಾಗಿ ಕಂಪನಿ ಕೈಬಿಟ್ಟು ದಶಕಗಳಾದ ಮೇಲೂ ಜನ ಅದನ್ನು ತಿದ್ದುತ್ತಲೇ ಇದ್ದಾರೆ. ಮುಚ್ಚಿದ ಮೈಯ ಗಾಡಿಯಲ್ಲಿ ಅದು 300 ಮೈಲಿಯನ್ನೂ ದಾಟಿದೆ. ಇಷ್ಟು ವರ್ಗಗಳೇಕೆ, ಎಲ್ಲರಿಗೂ ಒಂದೊಂದು ದಾಖಲೆ ಹಂಚುವುದಕ್ಕೇ ಎಂದು ಗೇಲಿ ಮಾಡುವವರಿದ್ದಾರೆ. ಮಾಡಲಿ. ಒಂದೇ ವರ್ಗ ಇದ್ದಿದ್ದರೆ ಹಣವಿದ್ದ ನಾಲ್ಕು ಮಂದಿ ಬಿಟ್ಟು ಉಳಿದವರು ಯಾವತ್ತೋ ಮನೆಗೆ ಹೋಗುತ್ತಿದ್ದರು.

ದಾಖಲೆ ಕೊಡುವ ಕ್ರಮವೂ ಬಿಗಿ. ಬಾನವಿಲ್‌ನಲ್ಲಿ ಮೊದಲ ಓಟ ಹಳೆಯ ದಾಖಲೆಯನ್ನು ಮೀರಿದರೆ ಗಾಡಿ ಸೀದಾ ‘ಇಂಪೌಂಡ್’ ಆವರಣಕ್ಕೆ ಹೋಗಬೇಕು. ಅಲ್ಲಿ ರಿಪೇರಿಗೆ ನಾಲ್ಕು ಗಂಟೆ ಅವಕಾಶ. ಮರುದಿನ ಬೆಳಗ್ಗೆ ಮತ್ತೆ ಓಡಬೇಕು. ಎರಡರ ಸರಾಸರಿಯೇ ದಾಖಲೆ. ಆಮೇಲೆ ಎಂಜಿನ್ ಬಿಚ್ಚಿ ಅಳತೆ ನೋಡುತ್ತಾರೆ. ಹೊಸಬರು ಎಷ್ಟೇ ಧೈರ್ಯವಂತರಾಗಿರಲಿ, ಮೊದಲ ದಿನವೇ 200 ಮೈಲಿ ಓಡುವಂತಿಲ್ಲ. ಲೈಸೆನ್ಸು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 200 ಮೈಲಿಗೂ ಮೇಲಿನ ದಾಖಲೆ ಮುರಿದವರಿಗೆ 1953ರಲ್ಲಿ ಹುಟ್ಟಿದ ‘200 ಮೈಲಿ ಕ್ಲಬ್’ನ ಕೆಂಪು ಟೊಪ್ಪಿ ಸಿಗುತ್ತದೆ. ಉಪ್ಪಿನ ಮೇಲೆ ಅದಕ್ಕಿರುವ ಮರ್ಯಾದೆ ಯಾವ ಚೆಕ್ಕಿಗೂ ಇಲ್ಲ.

ಎಂಜಿನ್ ಕಟ್ಟುವವರಿಗೆ ಈ ನೆಲ ಬೇರೆಯದೇ ಲೆಕ್ಕ ಕಲಿಸಿತು. ಡ್ರ್ಯಾಗ್ ಎಂಜಿನ್ ಕೆಲವೇ ಸೆಕೆಂಡು ಬದುಕಿದರೆ ಸಾಕು. ಇಲ್ಲಿ ಒಂದು ನಿಮಿಷಕ್ಕೂ ಮೇಲೆ ಪೂರ್ತಿ ಥ್ರಾಟಲ್ ತಾಳಬೇಕು. ಪಿಸ್ಟನ್ ಕರಗುವುದು ಆ ಕೊನೆಯ ಮೈಲಿಯಲ್ಲೇ. ಗಾಳಿಯ ತಡೆ ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ: 200ರಿಂದ 220 ಮೈಲಿಗೆ ಹೋಗಲು ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಸಮುದ್ರಮಟ್ಟಕ್ಕಿಂತ 4,200 ಅಡಿ ಎತ್ತರದಲ್ಲಿ, ಬೇಸಗೆಯ ತೆಳು ಗಾಳಿಯಲ್ಲಿ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಬೇರೆ ಓಟಗಳಲ್ಲಿ ತೂಕ ಇಳಿಸಿದರೆ, ಉಪ್ಪಿನ ಮೇಲೆ ಚಕ್ರ ಜಾರುವುದರಿಂದ ಇಲ್ಲಿ ಸೀಸ ಹೇರುತ್ತಾರೆ. ಗೇರು ತುಂಬ ಎತ್ತರದ್ದಾದ್ದರಿಂದ ಎಷ್ಟೋ ಗಾಡಿಗಳು ತಾವೇ ಹೊರಡಲಾರವು. ಹಿಂದಿನಿಂದ ಟ್ರಕ್ಕು ತಳ್ಳಬೇಕು. ರೇಡಿಯೇಟರ್ ಇಟ್ಟರೆ ಗಾಳಿಗೆ ಅಡ್ಡವಾಗುತ್ತದೆಂದು ಮಂಜುಗಡ್ಡೆ ತುಂಬಿದ ಟ್ಯಾಂಕಿನಲ್ಲೇ ಎಂಜಿನ್ ತಣಿಸುವ ಗಾಡಿಗಳಿವೆ. ಓಟದ ಕೊನೆಗೆ ಪೂರ್ತಿ ವೇಗದಲ್ಲಿರುವಾಗಲೇ ಎಂಜಿನ್ ಆರಿಸಿ, ಗಾಡಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಿಂಗಾಣಿಯ ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಅದರ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆಗಳು ಕಂಡರೆ ಪಿಸ್ಟನ್ ಕರಗಲು ಶುರುವಾಗಿದೆ ಎಂದರ್ಥ.

ಈ ವಿದ್ಯೆಯನ್ನು ಒಬ್ಬನಲ್ಲಿ ನೋಡಬೇಕೆಂದರೆ ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೋ ಇದ್ದಾನೆ. 1920ರಲ್ಲಿ ಕೊಂಡ ಇಂಡಿಯನ್ ಸ್ಕೌಟ್ ಬೈಕು ಮೂಲದಲ್ಲಿ 600 ಸಿಸಿ, ಓಡುತ್ತಿದ್ದದ್ದು 55 ಮೈಲಿ. ಅದೊಂದನ್ನೇ ಜೀವನವಿಡೀ ತಿದ್ದಿದ. ಹಳೆಯ ಡಬ್ಬಗಳಲ್ಲಿ ಎರಕ ಹೊಯ್ದು ಪಿಸ್ಟನ್ ಮಾಡಿಕೊಂಡ, ಟ್ರ್ಯಾಕ್ಟರಿನ ಆಕ್ಸಲ್ ಕೆತ್ತಿ ಕನೆಕ್ಟಿಂಗ್ ರಾಡ್ ಮಾಡಿದ. ಮೈಕ್ರೋಮೀಟರಿನ ಬದಲು ಅವನ ಬಳಿ ಇದ್ದದ್ದು ಚಕ್ರದ ಹಳೆಯ ಕಡ್ಡಿ. ಹಗಲು ಬೈಕು ಮಾರುವ ಕೆಲಸ, ರಾತ್ರಿ ಶೆಡ್ಡು. ಒಡೆದ ಪಿಸ್ಟನ್ನುಗಳನ್ನು ‘ವೇಗದೇವರಿಗೆ ನೈವೇದ್ಯ’ ಎಂದು ಫಲಕ ಬರೆದು ಶೆಲ್ಫಿನಲ್ಲಿ ಜೋಡಿಸಿಟ್ಟಿದ್ದ. 1967ರಲ್ಲಿ, ತನ್ನ 68ನೇ ವಯಸ್ಸಿನಲ್ಲಿ, ಸುಮಾರು 950 ಸಿಸಿಗೆ ಬೆಳೆದಿದ್ದ ಅದೇ ಎಂಜಿನ್ನಿನಲ್ಲಿ 1000 ಸಿಸಿಯೊಳಗಿನ ವರ್ಗದ ದಾಖಲೆ ಮಾಡಿದ. ಆಗ ಬರೆದದ್ದು 183.586 ಮೈಲಿ. ಸರಾಸರಿ ಲೆಕ್ಕದಲ್ಲಿ ತಪ್ಪಿದೆ ಎಂದು ಆಮೇಲೆ ಮಗ ಕಂಡುಹಿಡಿದ. 2014ರಲ್ಲಿ, ಮನ್ರೋ ಸತ್ತು 36 ವರ್ಷವಾದ ಮೇಲೆ, ದಾಖಲೆ 184.087 ಎಂದು ತಿದ್ದುಪಡಿಯಾಯಿತು.

ಕಾರುಗಳ ಕಡೆ ಬೆಳವಣಿಗೆ ಹೀಗಾಯಿತು: ಮಿಕಿ ಥಾಂಪ್ಸನ್ 1960ರಲ್ಲಿ ನಾಲ್ಕು ಪಾಂಟಿಯಾಕ್ ಎಂಜಿನ್ ಕಟ್ಟಿಕೊಂಡು ಒಂದು ದಿಕ್ಕಿನಲ್ಲಿ 406 ಮೈಲಿ ಓಡಿದ, ಮರಳುವ ಓಟದಲ್ಲಿ ಡ್ರೈವ್‌ಶಾಫ್ಟ್ ಮುರಿದು ದಾಖಲೆ ಕೈತಪ್ಪಿತು. 1965ರಲ್ಲಿ ಬಾಬ್ ಮತ್ತು ಬಿಲ್ ಸಮರ್ಸ್ ಸಹೋದರರು ನಾಲ್ಕು ಕ್ರೈಸ್ಲರ್ ಎಂಜಿನ್ನಿನ ‘ಗೋಲ್ಡನ್‌ರಾಡ್’ನಲ್ಲಿ 409.277 ಮೈಲಿ ತಲುಪಿದರು. 1991ರಲ್ಲಿ ಆಲ್ ಟೀಗ್ ಅದನ್ನು ಒಂದು ಮೈಲಿಯೊಳಗಿನ ಅಂತರದಲ್ಲಿ ಮೀರಿದ, ಅದೂ ಒಂದೇ ಎಂಜಿನ್ನಿನಲ್ಲಿ. 2018ರಲ್ಲಿ ಮಿಕಿಯ ಮಗ ಡ್ಯಾನಿ, ಅಪ್ಪ 1968ರಲ್ಲಿ ಕಟ್ಟಿ ಮಳೆಯಿಂದಾಗಿ ಓಡಿಸಲಾಗದೆ ಬಿಟ್ಟಿದ್ದ ಗಾಡಿಯನ್ನೇ ಸಜ್ಜುಗೊಳಿಸಿ 448.757 ಮೈಲಿ ಓಡಿದ. 2020ರಲ್ಲಿ ಜಾರ್ಜ್ ಪೊಟೀಟ್ ‘ಸ್ಪೀಡ್ ಡೀಮನ್’ನಲ್ಲಿ 470.016 ಮುಟ್ಟಿದ. ಅದರಲ್ಲೂ ಇದ್ದದ್ದು ಒಂದೇ ಎಂಜಿನ್, ಕಟ್ಟಿದವನು ಕೆನ್ ಡಟ್‌ವೈಲರ್. ಟರ್ಬೊ ಮತ್ತು ಕಂಪ್ಯೂಟರ್ ನಿಯಂತ್ರಿತ ಇಂಧನ ಬಂದ ಮೇಲೆ ನಾಲ್ಕು ಎಂಜಿನ್ ಜೋಡಿಸುವ ಗೋಜು ತಪ್ಪಿತು. ನಮ್ಮ ಬೀದಿಗಳಲ್ಲಿ ಗುಡುಗುಡು ಎನ್ನುವ ರಾಯಲ್ ಎನ್‌ಫೀಲ್ಡ್ ಕೂಡ 2018ರ ಸ್ಪೀಡ್ ವೀಕ್‌ನಲ್ಲಿ ಓಡಿದೆ: ತಿದ್ದಿದ 650 ಸಿಸಿ ಕಾಂಟಿನೆಂಟಲ್ ಜಿಟಿಯನ್ನು 18 ವರ್ಷದ ಕೇಲಾ ರಿವಾಸ್ 150 ಮೈಲಿಗೂ ಮೇಲೆ ಓಡಿಸಿದಳು.

ಈಗಿನ ಚಿಂತೆ ಎಂಜಿನ್ನಿನದಲ್ಲ, ನೆಲದ್ದು. ಬಾನವಿಲ್‌ನ ಉಪ್ಪಿನ ಪದರ ತೆಳುವಾಗುತ್ತಿದೆ, ಮೊದಲು ಸಿಗುತ್ತಿದ್ದ ಉದ್ದ ಈಗ ಸಿಗುತ್ತಿಲ್ಲ. ಮೊದಲ ಮಹಾಯುದ್ಧದ ಕಾಲದಿಂದ ಪಕ್ಕದಲ್ಲಿ ಪೊಟ್ಯಾಷ್ ತೆಗೆಯಲು ಉಪ್ಪುನೀರು ಹರಿಸಿಕೊಳ್ಳುತ್ತಿದ್ದಾರೆ. ಅದೇ ಕಾರಣ ಎಂದು ಓಟಗಾರರು, ಅದೊಂದೇ ಅಲ್ಲ ಎಂದು ಇತರರು. 1997ರಿಂದ ಕೆಲವು ವರ್ಷ ಉಪ್ಪುನೀರನ್ನು ಬಯಲಿಗೆ ವಾಪಸ್ ಪಂಪ್ ಮಾಡಿಯೂ ನೋಡಿದರು. ನೆಲ ಒದ್ದೆಯಾಗಿಯೋ ಹಾಳಾಗಿಯೋ 2014, 2015 ಮತ್ತು 2022ರಲ್ಲಿ ಸ್ಪೀಡ್ ವೀಕ್ ರದ್ದಾಯಿತು. ದಕ್ಷಿಣ ಆಸ್ಟ್ರೇಲಿಯಾದ ಗೇರ್ಡ್‌ನರ್ ಸರೋವರದಲ್ಲಿ ಅಲ್ಲಿನ ಹವ್ಯಾಸಿ ಸಂಘ ಮಾರ್ಚ್ ಹೊತ್ತಿಗೆ ತನ್ನದೇ ಸ್ಪೀಡ್ ವೀಕ್ ನಡೆಸುತ್ತದೆ. ಅದಕ್ಕೂ ಮಳೆಯ ಕಾಟ ತಪ್ಪಿಲ್ಲ.

ಹಾಗಾಗಿ ಸಂಘಟಕರು ಹಳೆಯ ವಿಮಾನನಿಲ್ದಾಣಗಳ ಕಡೆ ಹೊರಳಿದ್ದಾರೆ. ಟೆಕ್ಸಸ್, ಉತ್ತರ ಕೆರೊಲೈನಾ, ಮೇನ್, ಇಂಗ್ಲೆಂಡಿನ ಎಲ್ವಿಂಗ್ಟನ್ ಎಲ್ಲೆಡೆ ಕಾಂಕ್ರೀಟಿನ ರನ್‌ವೇ ಮೇಲೆ ಒಂದು, ಒಂದೂವರೆ ಮೈಲಿಯ ಓಟ ನಡೆದಿದೆ. ಇಲ್ಲಿ ಹಿಡಿತ ಚೆನ್ನಾಗಿದೆ, ದೂರ ಕಡಿಮೆ. ನಿಂತಲ್ಲಿಂದ ಬೇಗ ಮೇಲೇರುವ ಟರ್ಬೊ ಬೈಕುಗಳಿಗೆ ಅನುಕೂಲ. ಸೀಸ ಹೇರಿದ ಉದ್ದನೆ ಗಾಡಿಗಳಿಗೆ ಜಾಗವೇ ಇಲ್ಲ. ಮೇನ್‌ನ ಲೋರಿಂಗ್ ವಾಯುನೆಲೆಯಲ್ಲಿ 2011ರಲ್ಲಿ ಬಿಲ್ ವಾರ್ನರ್ ಅಂಥದೊಂದು ಬೈಕಿನಲ್ಲಿ ಒಂದೂವರೆ ಮೈಲಿ ದೂರದಲ್ಲಿ 311 ಮೈಲಿ ವೇಗ ಮುಟ್ಟಿದ. ಎರಡು ವರ್ಷದ ಮೇಲೆ ಅಲ್ಲೇ, ಒಂದೇ ಮೈಲಿಯಲ್ಲಿ 300 ದಾಟಲು ಹೋಗಿ ಸತ್ತ. ಉಪ್ಪಿನ ಮೇಲೆ ತಪ್ಪಿದವನಿಗೆ ಜಾರಿ ನಿಲ್ಲಲು ಮೈಲಿಗಟ್ಟಲೆ ಬಯಲಿರುತ್ತದೆ. ರನ್‌ವೇಯ ಆಚೆ ಇರುವುದು ಹುಲ್ಲು, ಕಲ್ಲು, ಬೇಲಿ. ಸರೋವರಗಳಿಗೆಂದು ಬರೆದ ನಿಯಮಗಳನ್ನು ಕಾಂಕ್ರೀಟಿಗೆ ಹಾಗೇ ಎತ್ತಿಡಲು ಬರುವುದಿಲ್ಲ. ಆ ಪುಸ್ತಕವನ್ನು ಅಲ್ಲಿನವರು ಈಗ ಹೊಸದಾಗಿ ಬರೆದುಕೊಳ್ಳಬೇಕಾಗಿದೆ.