ರತ್ನಗಂಬಳಿಯ ಕೀಟ

ನಮ್ಮ ನುಡಿಯಲ್ಲಿ ಕಂಬಳಿಹುಳು ಎಂಬ ಹೆಸರು ನುಗ್ಗೆಯ ಮರದಲ್ಲಿ ಗುಂಪುಗೂಡುವ ರೋಮಮಯವಾದ ಹುಳುವಿಗೆ ಸಂದಿದೆ. ಆ ಬಡಜಂತು ಕಂಬಳಿಯನ್ನು ಹೊದ್ದಂತೆ ಕಾಣುತ್ತದೆಯೇ ಹೊರತು ಕಂಬಳಿಯನ್ನು ತಿನ್ನುವುದಿಲ್ಲ. ಕಂಬಳಿಯನ್ನು ನಿಜವಾಗಿಯೂ ತಿನ್ನುವ ಕೀಟಕ್ಕಾದರೋ ನಮ್ಮ ಮನೆಮಾತಿನಲ್ಲಿ ಬೇರೊಂದು ಹೆಸರಿಲ್ಲ. ಬಟ್ಟೆ, ಧಾನ್ಯ, ಮರ, ಯಾವುದನ್ನು ಕೆಡಿಸುವ ಸಣ್ಣ ಹುಳುವನ್ನಾದರೂ ನುಸಿಯೆಂದು ಕರೆದು ಸುಮ್ಮನಾಗುತ್ತೇವೆ. ಹೆಸರಿಲ್ಲದ ಶತ್ರುವನ್ನು ಗುರುತಿಸುವುದು ಕಷ್ಟ. ಗುರುತಿಸದೆ ಹೋದರೆ ಅಪರಾಧವನ್ನು ನಿರಪರಾಧಿಯ ತಲೆಗೆ ಕಟ್ಟುವುದು ಸುಲಭ. ಇವೆರಡೂ ನನ್ನ ಮನೆಯಲ್ಲಿಯೇ ನಡೆದುವಾದುದರಿಂದ ಈ ಅಲ್ಪಕೀಟದ ಚರಿತ್ರೆಯನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಕಳೆದ ಮಾಗಿಯ ಕಾಲದಲ್ಲಿ ನನ್ನ ಮೊಮ್ಮಗನ ಮೈಮೇಲೆ ಕೆಂಪು ಗಂದೆಗಳು ಎದ್ದುವು. ತಿಗಣೆಯ ಕಡಿತವೆಂದು ಮನೆಯವರೆಲ್ಲರೂ ನಿಶ್ಚಯಿಸಿದೆವು. ಹಾಸಿಗೆಗಳಿಗೆ ಔಷಧ ಹೊಡೆದುದಾಯಿತು. ಮನೆಗೆಲಸದಾಕೆಯ ಬಟ್ಟೆಯ ಗಂಟಿನಲ್ಲಿ ಬಂದಿರಬೇಕೆಂದು ಮನೆಯಲ್ಲೊಬ್ಬರು ಆಡಿದರು. ನಾನು ಕೇಳಿಯೂ ತಡೆಯಲಿಲ್ಲ. "ನಮ್ಮ ಮನೇಲಿ ತಿಗಣೆ ಇಲ್ಲ, ಮೇಷ್ಟ್ರೇ" ಎಂದಷ್ಟೇ ಹೇಳಿ ಆಕೆ ಹೋದಳು, ಮರುದಿನದಿಂದ ಬರಲಿಲ್ಲ. ಎಂಟು ದಿನಗಳ ಮೇಲೆ ಮರದ ಪೆಟ್ಟಿಗೆಯನ್ನು ತೆರೆದಾಗ, ಪಾಠಶಾಲೆಯನ್ನು ಬಿಡುವ ದಿನ ನನ್ನ ಗುರುಗಳು ಹೊದೆಸಿದ್ದ ಉಣ್ಣೆಯ ಶಾಲು ನುಸಿಗುಳಿಗೆಗಳ ನಡುವೆಯೇ ಜರಡಿಯಾಗಿತ್ತು. ಮಡಿಕೆಗಳಲ್ಲಿ ರೋಮದ ಮರಿಹುಳುಗಳು ನಿಧಾನವಾಗಿ ತೆವಳುತ್ತಿದ್ದುವು. ಪ್ರಾಣಿಶಾಸ್ತ್ರವನ್ನು ಕಲಿಸುವ ಮಿತ್ರರೊಬ್ಬರು ಭೂತಗನ್ನಡಿಯಲ್ಲಿ ನೋಡಿ, ಇದು ರತ್ನಗಂಬಳಿಯ ಜೀರುಂಡೆಯ ಮರಿ, ಇದು ಕಚ್ಚುವುದಿಲ್ಲ, ಇದರ ಮೈಯಿಂದ ಉದುರುವ ರೋಮ ತಗಲಿ ಕೆಲವರ ಚರ್ಮ ಕೆರಳುತ್ತದೆ ಎಂದು ತಿಳಿಸಿದರು. ಮಗುವಿನ ಗಂದೆಗೆ ಕಾರಣ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು.

ಉಣ್ಣೆಯ ರಕ್ಷಣೆ ನಮ್ಮವರಿಗೆ ಹೊಸ ವಿಷಯವಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಭಂಡಾರಕ್ಕೆ ಸೇರತಕ್ಕ ವಸ್ತುಗಳಲ್ಲಿ ರತ್ನ ಚಂದನಗಳೊಡನೆ ಬಗೆಬಗೆಯ ಕಂಬಳಗಳನ್ನೂ ಎಣಿಸುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯವು ದ್ರವ್ಯಶುದ್ಧಿಯನ್ನು ಹೇಳುವಾಗ ರೇಷ್ಮೆಗೂ ಉಣ್ಣೆಗೂ ಚೌಳುಮಣ್ಣನ್ನು, ಕುತಪವೆಂಬ ಕಂಬಳಿಗೆ ಅಂಟುವಾಳವನ್ನು ವಿಧಿಸುತ್ತದೆ. ಅಲ್ಲಿ ಉದ್ದೇಶ ಶೌಚವೇ ಹೊರತು ಕೀಟನಾಶವಲ್ಲವೆಂಬುದು ನಿಜ. ಆದರೂ ಬೆವರು, ಜಿಡ್ಡು, ಅನ್ನದ ಕಲೆಗಳಿರುವ ಉಣ್ಣೆಯನ್ನೇ ಈ ಹುಳು ಮೊದಲು ಹುಡುಕುತ್ತದೆಂದು ಇಂದಿನ ಶಾಸ್ತ್ರ ಹೇಳುವುದರಿಂದ, ತೊಳೆದು ಒಣಗಿಸಿ ಮಡಿಸಿಡುವ ಆಚಾರಕ್ಕೆ ನಾವು ತಿಳಿದುದಕ್ಕಿಂತ ಹೆಚ್ಚಿನ ಫಲವಿತ್ತೆಂದು ಹೇಳಬಹುದು.

ಈ ಕೀಟಗಳಿಗೆ ಶಾಸ್ತ್ರೀಯವಾದ ಹೆಸರಿಟ್ಟವನು ಸ್ವೀಡನ್ ದೇಶದ ಲಿನೇಯಸ್. ಅವನು 1758ರಲ್ಲಿ ಈ ಕುಲದ ಹಲವನ್ನು ಡರ್ಮೆಸ್ಟಿಸ್, ಅಂದರೆ ಚರ್ಮಭಕ್ಷಕ, ಎಂಬ ಗ್ರೀಕ್ ಮೂಲದ ಹೆಸರಿನ ಕೆಳಗೆ ಸೇರಿಸಿದನು. ಮುಂದೆ ಬೇರೆಯ ಪಂಗಡವಾದ ಆಂಥ್ರೀನಸ್ ಜಾತಿಗಳಿಗೆ ಅವನಿತ್ತ ಹೆಸರುಗಳು ವಿಚಾರಯೋಗ್ಯವಾಗಿವೆ. ಒಂದಕ್ಕೆ ಸಂಗ್ರಹಾಲಯದ ಹೆಸರು. ಮತ್ತೆರಡಕ್ಕೆ ಹೂಬಿಡುವ ಗಿಡಗಳ ಹೆಸರು. ಭಕ್ಷಕನಿಗೆ ಹೂವಿನ ಹೆಸರೇಕೆ? ಬೆಳೆದ ಜೀರುಂಡೆಯು ಬಟ್ಟೆಯನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಹಾರಿ ಹೋಗಿ ಹೂವಿನ ಪರಾಗವನ್ನು ತಿಂದು ಬದುಕುತ್ತದೆ. ಉಣ್ಣೆಯನ್ನು ತಿನ್ನುವುದು ಕತ್ತಲೆಯಲ್ಲಿರುವ ಅದರ ಮರಿ. ತೋಟದಲ್ಲಿ ಕಂಡವರಿಗೆ ಅದು ಹೂವಿನ ಅತಿಥಿ; ಪೆಟ್ಟಿಗೆಯಲ್ಲಿ ಕಂಡವರಿಗೆ ಕಳ್ಳ. ಈ ಎರಡು ವೇಷಗಳೇ ಜನರನ್ನು ಬಹುಕಾಲ ಭ್ರಮೆಗೊಳಿಸಿದುವು.

ಕಂಬಳಿಗಿಂತಲೂ ಹೆಚ್ಚಾಗಿ ಇದರಿಂದ ಕಂಗೆಟ್ಟವರು ಯೂರೋಪಿನ ಸಂಗ್ರಹಾಲಯಗಳವರು. ಒಣಗಿಸಿಟ್ಟ ಹಕ್ಕಿಗಳ ಚರ್ಮ, ಗರಿ, ರೋಮಗಳೆಲ್ಲವೂ ಇದಕ್ಕೆ ಆಹಾರ. ಫ್ರಾನ್ಸಿನ ಮೆಟ್ಸ್ ಪಟ್ಟಣದಲ್ಲಿ ಬೆಕೂರ್ ಎಂಬ ಔಷಧ ವ್ಯಾಪಾರಿಯಿದ್ದನು (1718–1777). ಅವನು ಪಾಷಾಣ, ಸಾಬೂನು, ಕರ್ಪೂರ, ಸುಣ್ಣ, ಕ್ಷಾರಗಳನ್ನು ಬೆರೆಸಿ ಒಂದು ಲೇಪವನ್ನು ಮಾಡಿ, ಅದರ ಪ್ರಮಾಣವನ್ನು ಗುಟ್ಟಾಗಿ ಇಟ್ಟುಕೊಂಡನು. ಅವನು ತೀರಿಕೊಂಡ ಮೇಲೆ ಗುಟ್ಟು ಹೊರಬಿದ್ದು ಲೇಪವು ದೇಶದೇಶಗಳಿಗೆ ಹರಡಿತು. ಹಕ್ಕಿಗಳು ಉಳಿದುವು, ಪಾಷಾಣವೂ ಉಳಿಯಿತು. ಆ ಹಳೆಯ ಹಕ್ಕಿಗಳನ್ನು ಸಂಗ್ರಹಾಲಯದ ನೌಕರರು ಇಂದಿಗೂ ಕೈಗವಸಿಲ್ಲದೆ ಮುಟ್ಟಬಾರದು.

ಗೃಹಸ್ಥರಿಗೆ ಹೆಚ್ಚಿನ ಪಾಠವಿರುವುದು ಅಮೆರಿಕದ ಚರಿತ್ರೆಯಲ್ಲಿ. ಯೂರೋಪಿನಿಂದ ಹೋದ ಒಂದು ಜಾತಿಯ ಜೀರುಂಡೆಯು 1874ರ ಸುಮಾರಿಗೆ ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದಲ್ಲಿ ರತ್ನಗಂಬಳಿಗಳನ್ನು ಹಾಳುಮಾಡುತ್ತಿರುವುದು ಕಂಡುಬಂದಿತು. ಜನರು ಅದನ್ನು ಬಫಲೋ ಪತಂಗವೆಂದು ಕರೆದರು. ಅದು ಪತಂಗವೇ ಅಲ್ಲ. ಅದೇ ಕೀಟವು ತನ್ನ ತವರಾದ ಯೂರೋಪಿನಲ್ಲಿ ಅಷ್ಟೊಂದು ಗೃಹಪೀಡೆಯೆನಿಸಿರಲಿಲ್ಲ. ಈ ಭೇದಕ್ಕೆ ಕಾರಣವನ್ನು ಅಲ್ಲಿನ ಸರ್ಕಾರದ ಕೀಟಶಾಸ್ತ್ರಜ್ಞನಾಗಿದ್ದ ಹೋವರ್ಡ್ ಎಂಬಾತನು ಕೀಟದಲ್ಲಿ ಹುಡುಕದೆ ಮನೆಯಲ್ಲಿ ಹುಡುಕಿದನು. ಯೂರೋಪಿನಲ್ಲಿ ಉಜ್ಜಿ ನುಣುಪು ಮಾಡಿದ ನೆಲದ ಮೇಲೆ, ಎತ್ತಿ ಕೊಡವಬಹುದಾದ ಬಿಡಿ ಹಾಸುಗಳನ್ನು ಹಾಕುತ್ತಿದ್ದರು. ಅಮೆರಿಕದವರು ಬಿರುಕುಬಿಟ್ಟ ಹಲಗೆಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಕಂಬಳಿಯನ್ನು ಹಾಸಿ, ಅಂಚಿಗೆ ಮೊಳೆ ಹೊಡೆದು, ವರ್ಷಕ್ಕೊಮ್ಮೆ ಮಾತ್ರ ಎತ್ತುತ್ತಿದ್ದರು. ಕತ್ತಲೆ, ಧೂಳು, ಆಹಾರ ಮೂರೂ ವರ್ಷವಿಡೀ ಒಂದೇ ಎಡೆಯಲ್ಲಿ ದೊರೆತುವು. ಮೊಳೆಯನ್ನು ಕಿತ್ತು ಬಿಡಿ ಹಾಸುಗಳನ್ನು ಬಳಸಿರೆಂಬುದೇ ಅವನಿತ್ತ ಮುಖ್ಯ ಸಲಹೆ. ಕೀಟವೊಂದೇ, ಮನೆವಾರ್ತೆ ಬೇರೆಯಾದುದರಿಂದ ಫಲ ಬೇರೆಯಾಯಿತು.

ಆದರೆ ಜನರಿಗೆ ಸಲಹೆಗಿಂತ ಔಷಧ ಪ್ರಿಯ. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ನ್ಯಾಫ್ತಲೀನಿಗೆ 1821ರಲ್ಲಿ ಆ ಹೆಸರು ಬಂದಿತು. ಅದೇ ಮುಂದೆ ನಮ್ಮ ಪೆಟ್ಟಿಗೆಗಳ ನುಸಿಗುಳಿಗೆಯಾಯಿತು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಹಬೆ ದಟ್ಟವಾಗಿ ನಿಂತರೆ ಮಾತ್ರ ಹುಳು ಸಾಯುತ್ತದೆ. ಸಂದುಬಿಟ್ಟ ನನ್ನ ಪೆಟ್ಟಿಗೆಯಲ್ಲಿ ಎರಡು ಮೂರು ಗುಳಿಗೆಗಳು ವಾಸನೆಯನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ರಕ್ತದಲ್ಲಿ ಒಂದು ಬಗೆಯ ಹುಟ್ಟುಕೊರತೆಯುಳ್ಳ ಶಿಶುಗಳಿಗೆ ಈ ಹಬೆಯಿಂದ ರಕ್ತಕಣಗಳು ಒಡೆದು ಕಾಮಾಲೆಯಾಗುವುದುಂಟು. ಆದುದರಿಂದ ಕೂಸಿನ ಬಟ್ಟೆಗೆ ಇದನ್ನು ಸೋಕಿಸಲಾಗದು. ಬಳಿಕ 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರನು ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಅದನ್ನು ಕಂಬಳಿಗಳಿಗೂ ಹೊಡೆದರು. 1972ರಲ್ಲಿ ಅಮೆರಿಕವೇ ಅದರ ಸಾಮಾನ್ಯ ಬಳಕೆಯನ್ನು ನಿಲ್ಲಿಸಿತು. ಹೀಗೆ ಒಂದೊಂದು ತಲೆಮಾರು ತನ್ನ ಔಷಧವನ್ನು ಕಡೆಯದೆಂದು ನಂಬಿತು. ಮುಂದಿನದು ಅದನ್ನು ಕೈಬಿಟ್ಟಿತು.

ಇನ್ನು ಗುರುತಿಸುವ ಬಗೆ. ಜೀರುಂಡೆಯು ಸಾಸಿವೆಕಾಳಿಗಿಂತ ತುಸು ದೊಡ್ಡದು. ದುಂಡಗೆ, ಬಿಳಿ ಹಳದಿ ಕಪ್ಪು ಮಚ್ಚೆಗಳಿಂದ ಕೂಡಿ, ಕಿಟಕಿಯ ಗಾಜಿನ ಬಳಿ ಕಾಣುತ್ತದೆ. ಮರಿಯು ಕಂದುಬಣ್ಣದ್ದು, ಮೈಗೆ ಅಡ್ಡಪಟ್ಟೆ, ಹಿಂಬದಿಯಲ್ಲಿ ರೋಮದ ಕುಚ್ಚು. ಬಟ್ಟೆಯ ಪತಂಗದ ಮರಿಯು ನೂಲಿನ ಬಲೆಯನ್ನೋ ಗೂಡನ್ನೋ ಬಿಟ್ಟಿರುತ್ತದೆ. ಇದು ಬಲೆ ಹೆಣೆಯದೆ, ಕಳಚಿದ ಪೊರೆಗಳನ್ನು ಮಾತ್ರ ಬಿಟ್ಟಿರುತ್ತದೆ. ಉಣ್ಣೆ, ರೇಷ್ಮೆ, ಗರಿ, ಕೂದಲು, ಸತ್ತ ಕೀಟಗಳು ಇದರ ಆಹಾರ. ನವಲಗುಂದದ ಜಮಖಾನದಂತಹ ಹತ್ತಿಯ ಹಾಸು ಕೊಳೆಯಾಗದಿದ್ದರೆ ಇದಕ್ಕೆ ರುಚಿಸದು.

ಕಳೆಯುವ ಬಗೆಯಲ್ಲಿ ಮೊದಲನೆಯದು ಮೂಲವನ್ನು ಹುಡುಕುವುದು. ನಮ್ಮ ಮನೆಯಲ್ಲಿ ಅದು ಅಟ್ಟದ ಮೇಲಿನ ಗವಾಕ್ಷಿಯಲ್ಲಿ ಗುಬ್ಬಚ್ಚಿ ಬಿಟ್ಟುಹೋದ ಹಳೆಯ ಗೂಡಾಗಿತ್ತು. ಹಕ್ಕಿಯ ಗೂಡು ಈ ಕೀಟದ ಪುರಾತನ ನಿವಾಸ. ಬಳಿಕ ಪೆಟ್ಟಿಗೆಯ ಸಂದು, ಬೀರುವಿನ ಹಿಂಬದಿ, ಹಾಸಿನ ಅಡಿ ಎಲ್ಲವನ್ನೂ ಗುಡಿಸಿ, ಆ ಕಸವನ್ನು ಮನೆಯ ಹೊರಗೆ ಹಾಕಬೇಕು. ಉಣ್ಣೆಯನ್ನು ಬಿಸಿಲಿಗೆ ಹರಡಿದರೆ ಬೆಳಕನ್ನು ಸಹಿಸದ ಮರಿಗಳು ಓಡುತ್ತವೆ. ಕೊಡವಿ, ಮಡಿಕೆಗಳನ್ನು ಬ್ರಷ್ಷಿನಿಂದ ಉಜ್ಜಿದರೆ ಮೊಟ್ಟೆಗಳು ಉದುರುತ್ತವೆ. ಒಂದನ್ನು ಮಾಡಿ ಮತ್ತೊಂದನ್ನು ಬಿಟ್ಟರೆ ಶ್ರಮ ವ್ಯರ್ಥ. ಮರಿಯ ಅವಸ್ಥೆ ಹಲವು ತಿಂಗಳುಗಳದಾದುದರಿಂದ ವರ್ಷಕ್ಕೊಮ್ಮೆಯ ಬಿಸಿಲು ಸಾಲದು. ಬೆಲೆಬಾಳುವ ಬಟ್ಟೆಯಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರವಿಟ್ಟು, ತೆಗೆದ ಮೇಲೆ ಚಳಿಯಾರುವವರೆಗೂ ಚೀಲವನ್ನು ಬಿಚ್ಚದಿರುವುದು ಇಂದಿನ ಸಂಗ್ರಹಾಲಯಗಳ ಪದ್ಧತಿ. ಪಾಷಾಣದಿಂದ ಹೊರಟ ಅವರು ಕೊನೆಗೆ ಶುಚಿತ್ವಕ್ಕೂ ಶೀತೋಷ್ಣಗಳಿಗೂ ಬಂದು ಮುಟ್ಟಿದ್ದಾರೆ.

ಶಾಲಿನ ಅರ್ಧಭಾಗ ಉಳಿದಿದೆ. ಅಂಟುವಾಳದಲ್ಲಿ ತೊಳೆಯಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟು, ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ. ಮನೆಗೆಲಸದಾಕೆಯ ಮನೆಗೆ ನಾನೇ ಹೋಗಿ ತಪ್ಪು ನಮ್ಮದೆಂದು ಹೇಳಿ ಬಂದೆನು. ಆಕೆ ಅಷ್ಟರಲ್ಲಿ ಬೇರೊಂದು ಮನೆಯನ್ನು ಹಿಡಿದಿದ್ದಳು; ಮಗುವಿಗೆ ಗುಣವಾಯಿತೇ ಎಂದು ಮಾತ್ರ ಕೇಳಿದಳು. ನಲವತ್ತು ವರ್ಷ ಮಕ್ಕಳಿಗೆ ಪ್ರಮಾಣವಿಲ್ಲದೆ ನಿರ್ಣಯಿಸಬೇಡಿರೆಂದು ಪಾಠ ಹೇಳಿದವನು ನಾನು. ಭೂತಗನ್ನಡಿಯನ್ನು ಎಂಟು ದಿನ ಮೊದಲೇ ಕೈಗೆತ್ತಿಕೊಂಡಿದ್ದರೆ ಆ ಮಾತು ಅವಳಿಗೆ ತಗಲುತ್ತಿರಲಿಲ್ಲ.