ಅಂಚಿನಿಂದ ನಡುವಿಗೆ

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ಬಡತನದ ಕೂಸು ಎಂದು ಹೇಳಿ ಮುಗಿಸುವವರು ಅದರ ಮೂಲೆಗಳನ್ನು ನೋಡಿರಲಾರರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಹಳೆಯ ಸೀರೆ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ತೇಪೆ ಕೂರಿಸಿ ಹೊಲಿಯುತ್ತಾರೆ. ಕೊನೆಯ ತೇಪೆ ನಡುವಿಗೆ ಬರುತ್ತದೆ. ಹರಕು ಬಟ್ಟೆ ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಸಾಕಿತ್ತು. ಆದರೆ ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮಾಡಿದ 'ಫುಲ' (ಹೂ) ಹೊಲಿಯದೆ ಕೌದಿ ಪೂರ್ತಿಯಾಗದು. ಅದರಿಂದ ಚಳಿಯೇನೂ ಕಡಿಮೆಯಾಗುವುದಿಲ್ಲ. ಕ್ರೈಸ್ತ ಸಿದ್ದಿಯರು ಶಿಲುಬೆಯನ್ನೂ ಮುಸ್ಲಿಮರು ಅರ್ಧಚಂದ್ರವನ್ನೂ ಸೇರಿಸುವುದುಂಟು. ಬಟ್ಟೆಗೆ ಬರವಿದ್ದಿರಬಹುದು, ವಿನ್ಯಾಸಕ್ಕೆ ಇರಲಿಲ್ಲ.

ಹಾಗಾದರೆ ಇದು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರು ಹೊತ್ತು ತಂದ ಶುದ್ಧ ಆಫ್ರಿಕನ್ ಕಲೆಯೇ? ಅಷ್ಟು ಸರಳವಲ್ಲ. ಬಯಲುಸೀಮೆಯ ಕೌದಿಯಲ್ಲೂ ಬಂಗಾಳದ ಕಾಂತಾದಲ್ಲೂ ಇದೇ ಸಾದಾ ಓಟದ ಹೊಲಿಗೆಯಿದೆ. ಸಿದ್ದಿಯರದ್ದು ಆ ಹೊಲಿಗೆಯನ್ನು ನಡೆಸುವ ರೀತಿ. 2004ರಲ್ಲಿ, ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒಡನಾಟದಲ್ಲಿ, ಸಿದ್ದಿ ಹೆಂಗಸರ ಸಹಕಾರಿ ಗುಂಪು ರೂಪುಗೊಂಡಾಗ ಗುರಿಯೂ ಬದಲಾಯಿತು: ಮನೆಯ ಹಾಸಿಗೆಯ ಜೊತೆಗೆ ಮಾರಾಟ. ಮಾರುಕಟ್ಟೆ ಕಲೆಯನ್ನು ಕೆಡಿಸುತ್ತದೆಂಬ ಆಕ್ಷೇಪಕ್ಕೆ ಹುರುಳಿದೆ; ಕೊಳ್ಳುವವರಿಗೆ ಒಪ್ಪುವ ಬಣ್ಣ, ಅಳತೆಗಳ ಒತ್ತಡ ಸುಳ್ಳಲ್ಲ. ಆದರೂ ಕೂಲಿಗೆ ಹೋಗುವ ಹೆಂಗಸಿಗೆ ಹೊಲಿಯಲು ಕೂರುವ ಹೊತ್ತನ್ನು ಸಂಪ್ರದಾಯದ ಮೇಲಿನ ಅಭಿಮಾನ ಒದಗಿಸುವುದಿಲ್ಲ, ದುಡ್ಡು ಒದಗಿಸಬಹುದು.