ಒಗರು ಕರಗಿತೋ, ಕಟ್ಟಿಹೋಯಿತೋ? ಪರ್ಸಿಮನ್ ತಿರುಳಿನ ಕಂದು ಚುಕ್ಕೆಗಳ ಮರುಓದು

ಪರ್ಸಿಮನ್ ಹಣ್ಣಿನ ಒಗರಿಗೆ ಟ್ಯಾನಿನ್ ಕಾರಣವೆಂಬ ಬಗ್ಗೆ ಯಾರ ತಕರಾರೂ ಇಲ್ಲ. ಹಣ್ಣು ಮಾಗುವಾಗ ಆ ಟ್ಯಾನಿನ್ ಸಕ್ಕರೆಯಾಗಿ ಮಾರ್ಪಡುತ್ತದೆ ಎಂದು ನಮ್ಮ ಹಿರಿಯ ತೋಟಗಾರಿಕೆ ಲೇಖಕರೊಬ್ಬರು ಬರೆದರು. ಅವರ ಹೆಸರೆತ್ತಲು ಮನಸ್ಸಿಲ್ಲ. ಹಣ್ಣಿನ ಶಾಸ್ತ್ರವನ್ನು ಕನ್ನಡದಲ್ಲೇ ಬರೆಯಬಹುದೆಂದು ನನ್ನಂಥವರಿಗೆ ತೋರಿಸಿಕೊಟ್ಟವರು ಅವರು. ಸಕ್ಕರೆಯ ಆ ಮಾತನ್ನು ಪರೀಕ್ಷಿಸದೆ ಇಳಿಸಿಕೊಂಡವರ ಬಗ್ಗೆ ಮಾತ್ರ ಅಷ್ಟು ದಾಕ್ಷಿಣ್ಯ ಬೇಕಿಲ್ಲ. ಅವರೆಲ್ಲ ನೆಚ್ಚಿಕೊಂಡ ಏಕೈಕ ಸಾಕ್ಷ್ಯವೇ ಅವರಿಗೆ ಎದುರಾಗಿ ನಿಲ್ಲುತ್ತದೆ.

ಆ ಸಾಕ್ಷ್ಯ ಜಪಾನಿನ ಜೆಂಜಿಮಾರು ತಳಿಯದು. (ಕಾವಾಸಾಕಿಯ ಓಜೆನ್‌ಜಿ ದೇವಾಲಯದ ಬಳಿ 1214ರಲ್ಲಿ ಈ ಮರ ಸಿಕ್ಕಿತೆಂಬುದು ಐತಿಹ್ಯ, ಆ ಇಸವಿಗೆ ಶಾಸನದ ತೂಕ ಕೊಡಬೇಕಾಗಿಲ್ಲ.) ಬೀಜ ಕಟ್ಟಿದರೆ ಇದರ ತಿರುಳು ಕಂದಾಗಿ ಒಗರು ಕಳೆದುಕೊಳ್ಳುತ್ತದೆ, ಕಟ್ಟದಿದ್ದರೆ ತಿಳಿಯಾಗಿಯೇ ಉಳಿದು ಬಾಯಿ ಹಿಡಿಯುತ್ತದೆ. ಫ್ಲಾರಿಡಾದ ಎಚ್. ಹೆರಾಲ್ಡ್ ಹ್ಯೂಮ್ 1914ರಲ್ಲಿ, ಪರಾಗಸ್ಪರ್ಶದಿಂದ ತಿರುಳು ಬದಲಾಗುವ ತಳಿಗಳು, ಬದಲಾಗದ ತಳಿಗಳು ಎಂದು ವಿಂಗಡಿಸಿದ್ದು ಈ ಬಗೆಯ ವ್ಯತ್ಯಾಸವನ್ನು ಗಮನಿಸಿಯೇ. ನಮ್ಮ ಲೇಖಕರು ಆ ಕಂದು ಭಾಗವನ್ನು ಬೇಗ ಮಾಗಿ ಸಕ್ಕರೆ ತುಂಬಿಕೊಂಡ ತಿರುಳೆಂದು ಓದಿಬಿಟ್ಟರು.

ಒಂದೇ ಪಕ್ಕಕ್ಕೆ ಬೀಜ ಕಟ್ಟಿದ ಇಂಥ ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಬೇಕು. ಬೀಜದ ಸುತ್ತ ಎಳ್ಳು ಉದುರಿಸಿದಂತೆ ಕಂದು ಚುಕ್ಕೆಗಳು. ಎದುರಿನ ಭಾಗ ತಿಳಿ. ಕೊಯ್ದ ಮುಖವನ್ನು ಫೆರಿಕ್ ಕ್ಲೋರೈಡ್ ಹೀರಿಸಿದ ಕಾಗದಕ್ಕೆ ಒತ್ತಿದರೆ ತಿಳಿ ಭಾಗ ಗಾಢವಾಗಿ ಅಚ್ಚು ಬೀಳುತ್ತದೆ, ಚುಕ್ಕೆಯ ಭಾಗ ಹೆಚ್ಚುಕಡಿಮೆ ಖಾಲಿ. ಇಲ್ಲಿಗೇ ನಿಲ್ಲಿಸಿದವರಿಗೆ ಟ್ಯಾನಿನ್ ಮಾಯವಾದಂತೆ ತೋರುವುದು ಸಹಜ. ಆದರೆ ಚುಕ್ಕೆಯನ್ನೇ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಟ್ಯಾನಿನ್ ಕೋಶಗಳೇ. ಒಳಗಿನ ರಸ ಹೆಪ್ಪುಗಟ್ಟಿ ಕಂದಾಗಿದೆ. ಕಾಗದ ಹಿಡಿಯುವುದು ಕರಗಿದ ಟ್ಯಾನಿನ್ನನ್ನು ಮಾತ್ರ. ಬಾಯಿಯೂ ಅಷ್ಟೇ: ಟ್ಯಾನಿನ್ ಕರಗಿ ಹೊರಬಂದು ಜೊಲ್ಲಿನ ಪ್ರೋಟೀನಿಗೆ ಅಂಟಿದರೆ ತಾನೇ ಒಗರು?

ಫ್ರಾನ್ಸಿಸ್ ಲಾಯ್ಡ್ 1911ರಷ್ಟು ಹಿಂದೆಯೇ ಇತ್ತ ಬೆರಳು ತೋರಿಸಿದ್ದರು: ಟ್ಯಾನಿನ್ ಕೋಶ ಬಿಟ್ಟು ಹೋಗುವುದಿಲ್ಲ, ಅಲ್ಲೇ ಕಟ್ಟಿಹೋಗುತ್ತದೆ. ನಾನು ಲಾಯ್ಡ್ ಪಕ್ಷದವನು, ಮುಚ್ಚಿಡುವುದೇನಿಲ್ಲ. ಕಟ್ಟುವ ಕೆಲಸವನ್ನು ಅವರು ಕೋಶದೊಳಗಿನ ಇನ್ನೊಂದು ಅಂಟು ಪದಾರ್ಥಕ್ಕೆ ವಹಿಸಿದ್ದು ಅರೆಬರೆ ಉತ್ತರ, ನಿಜ. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆಯ ಎಚ್. ಸಿ. ಗೋರ್ ಇಂಗಾಲದ ಡೈಆಕ್ಸೈಡ್‌ನಲ್ಲಿ ಹಣ್ಣಿಟ್ಟು ಒಗರು ತೆಗೆದರು. ಆಗಷ್ಟೇ ಬರಿದಾದ ಸಾಕೆ ಮದ್ಯದ ಪೀಪಾಯಿಯಲ್ಲಿ ಹಣ್ಣು ತುಂಬಿಡುವುದು ಜಪಾನೀಯರ ಹಳೆಯ ರೂಢಿ. ಎರಡರ ದಾರಿಯೂ ಒಂದೇ ಕಡೆ ಸೇರುತ್ತದೆ. ಉಸಿರುಗಟ್ಟಿದ ತಿರುಳಿನಲ್ಲಾಗಲಿ, ಮದ್ಯದ ಆವಿ ಹೀರಿದ ತಿರುಳಿನಲ್ಲಾಗಲಿ ಅಸಿಟಾಲ್ಡಿಹೈಡ್ ಹುಟ್ಟಿ ಟ್ಯಾನಿನ್ನನ್ನು ಹೆಣೆಯುತ್ತದೆ. ಜೆಂಜಿಮಾರುವಿನಲ್ಲಿ ಆ ಕೆಲಸಕ್ಕೆ ಬೇಕಾದ ಆವಿ ಬೀಜದಿಂದಲೇ ಬರುತ್ತದೆ. ಚುಕ್ಕೆಗಳು ಬೀಜದ ಸುತ್ತಲೇ ಮುತ್ತಿಕೊಂಡಿರುವುದು ಅದಕ್ಕೇ. ಮಾತ್ಸುವೊ ಮತ್ತು ಇತೂ 1982ರಲ್ಲಿ ಹಣ್ಣಿನ ಹೊರಗೇ ಪರ್ಸಿಮನ್ ಟ್ಯಾನಿನ್ನಿಗೆ ಅಸಿಟಾಲ್ಡಿಹೈಡ್ ಕೂಡಿಸಿ ಹೆಪ್ಪುಗಟ್ಟಿಸಿ ತೋರಿಸಿದರು. ಈ ಕಥೆಯನ್ನು ಅಲ್ಲಿಂದಲೇ ಶುರುಮಾಡುವ ಇತ್ತೀಚಿನ ವಿಮರ್ಶಕರು ಲಾಯ್ಡ್‌ಗೆ ಒಂದು ಸಾಲನ್ನಾದರೂ ಕೊಡಬಹುದಿತ್ತು.

ಸಕ್ಕರೆ ವಾದಿಗಳಿಗೆ ಇನ್ನೂ ಅನುಮಾನವಿದ್ದರೆ ಒಲೆ ಹಚ್ಚಲಿ. ಒಗರು ತೆಗೆದ ಹಣ್ಣನ್ನು ಜಾಮ್ ಮಾಡಲು ಕುದಿಸಿದರೆ ಒಗರು ಮತ್ತೆ ತಲೆಯೆತ್ತುವುದನ್ನು ಜಪಾನಿನ ಅಡುಗೆಯವರು ಬಲ್ಲರು. ಸಕ್ಕರೆಯಾಗಿ ಹೋದದ್ದು ಕುದಿಸಿದರೆ ಟ್ಯಾನಿನ್ ಆಗಿ ಮರಳುವುದುಂಟೇ?

ಇದಿಷ್ಟೂ ಒಗರು ಇದ್ದು ಹೋಗುವ ತಳಿಗಳ ಮಾತು. ಫುಯು ಈ ಲೆಕ್ಕಕ್ಕೆ ಬರುವುದಿಲ್ಲ: ಅದರಲ್ಲಿ ಟ್ಯಾನಿನ್ ಶೇಖರಣೆ ಎಳೆಗಾಯಿಯಲ್ಲೇ ನಿಂತುಹೋಗಿ, ಕಾಯಿ ದಪ್ಪವಾದಂತೆ ಇದ್ದಷ್ಟು ತೆಳುವಾಗುತ್ತದೆ. ಸಾಕೆ ಪೀಪಾಯಿಯ ವಿವರಣೆಯ ಪಕ್ಕ ಫುಯು ಹಣ್ಣಿನ ಚಿತ್ರ ಅಚ್ಚುಹಾಕುವ ಪಠ್ಯಪುಸ್ತಕಗಳು ಕನಿಷ್ಠ ಚಿತ್ರವನ್ನಾದರೂ ಬದಲಿಸಲಿ.